ಬಟ್ಟಲು ಮಲಗಿದ್ದ ಜಾಗ

— ಅಕ್ಕ, ಈ ಸಾಕೆ ಬಟ್ಟಲಿಗೆ ಯಾರೂ ಬಣ್ಣ ಹಚ್ಚಿಲ್ಲ, ಇದು ಬೆಂಕಿಯೇ ಬರೆದ ಚಿತ್ರ ಅಂತ ನಿನ್ನ ಕಪಾಟಿನ ಪುಸ್ತಕದಲ್ಲಿ ಓದಿದೆ. ಎಲ್ಲವನ್ನೂ ಬೆಂಕಿಯೇ ಮಾಡಿದ್ದಾದರೆ ಕುಂಬಾರನಿಗೆ ಯಾಕೆ ಅಷ್ಟು ಹೆಸರು?

— ಆ ಮಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ ಕಣೋ. ಕೇಳುವುದಕ್ಕೆ ಚೆನ್ನಾಗಿದೆ, ಮಾರುವವರಿಗೂ ಅನುಕೂಲ. ಆದರೆ ಕೆಲಸ ಮಾಡಿದವರ ಕೈಯಿಂದ ಕೆಲಸವನ್ನೇ ಕಿತ್ತುಕೊಳ್ಳುವ ಮಾತು ಅದು. ಇದು ಸಾಕೆ ಅನ್ನುವ ಜಪಾನೀ ಮದ್ಯ ಕುಡಿಯುವ ಬಿಜೆನ್ ಬಟ್ಟಲು. ಜಪಾನಿನ ಒಕಾಯಾಮಾ ಪ್ರಾಂತ್ಯದಲ್ಲಿ ಇಂಬೆ ಅಂತ ಒಂದು ಊರಿದೆ, ಈಗ ಬಿಜೆನ್ ನಗರದೊಳಗೆ ಸೇರಿಕೊಂಡಿದೆ. ನೂರಾರು ವರ್ಷಗಳಿಂದ ಅಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಚ್ಚದ ಮಣ್ಣಿನ ಪಾತ್ರೆ ಸುಡುತ್ತಾ ಬಂದಿದ್ದಾರೆ. ಜಪಾನಿನ ಆರು ಪುರಾತನ ಗೂಡುಗಳು ಅಂತ ಹೇಳುವಾಗ ಸೆತೊ, ತೊಕೊನಾಮೆ, ಎಚಿಜೆನ್, ಶಿಗರಾಕಿ, ತಾಂಬಾ ಜೊತೆಗೆ ಇದರ ಹೆಸರೂ ಬರುತ್ತದೆ. ಗ್ಲೇಜ್ ಇಲ್ಲ, ಬಣ್ಣ ಇಲ್ಲ, ಕುಂಚ ಮುಟ್ಟಿದ್ದೇ ಇಲ್ಲ. ಹಾಗಾಗಿ ಕುಂಬಾರ ಸುಮ್ಮನೆ ಒಳಗಿಟ್ಟ, ಉಳಿದದ್ದೆಲ್ಲ ಬೆಂಕಿಯ ಪಾಲು ಅಂತ ನೋಡಿದವರು ತಿಳಿಯುತ್ತಾರೆ.

— ಬಿಜೆನ್ ಹೆಸರು ನನಗೆ ಬೇರೆ ದಾರಿಯಿಂದ ಗೊತ್ತು. ಕುಲುಮೆಯ ಒಳಗೋಡೆಗೆ ಕಟ್ಟುವ ಫೈರ್‌ಬ್ರಿಕ್ ತಯಾರಾಗುವ ಊರು ಅದು.

— ಅದೇ ಊರು. ಅಲ್ಲೇ ಮಿತ್ಸುಯಿಶಿ ಅನ್ನುವ ಕಡೆ ಆ ಇಟ್ಟಿಗೆಗೆ ಬೇಕಾದ ಕಲ್ಲು ಸಿಗುತ್ತದೆ. ಆದರೆ ಬಟ್ಟಲಿನ ಮಣ್ಣು ಆ ಜಾತಿಯದಲ್ಲ, ಅದು ಶಾಖಕ್ಕೆ ಅಂಜುವ ಮಣ್ಣು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಟ್ಟಲನ್ನು ಕೈಗೆ ತಗೋ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಅಷ್ಟು ವರ್ಷ ಕುಲುಮೆ ನೋಡಿದವನು ನೀನು. ಇದು ಗೂಡಿನಲ್ಲಿ ಹೇಗಿತ್ತು, ಹೇಳು ನೋಡೋಣ.

— ನಿಂತಿತ್ತು. ಬಟ್ಟಲನ್ನು ಇಡುವುದೇ ಹಾಗಲ್ಲವೇ?

— ಈ ಹಳದಿ ಬದಿ ನೋಡು. ಪೈನ್ ಕಟ್ಟಿಗೆಯ ಬೂದಿ ಉರಿಯ ಜೊತೆ ಹಾರಿಬಂದು ಇಲ್ಲಿ ಕೂತಿದೆ. ಕೆಲವು ಕಡೆ ಎಳ್ಳು ಉದುರಿಸಿದ ಹಾಗೆ ಚುಕ್ಕೆಚುಕ್ಕೆಯಾಗಿ ನಿಂತಿದೆ, ಅದಕ್ಕೆ ಗೊಮಾ ಅನ್ನುತ್ತಾರೆ. ಇನ್ನು ಕೆಲವು ಕಡೆ ಕರಗಿ ಗಾಜಾಗಿ ಹರಿದಿದೆ. ಹರಿದ ಗೆರೆ ಯಾವ ಕಡೆಗೆ ಹೋಗಿದೆ?

— ಬಾಯಿಂದ ಬುಡಕ್ಕಲ್ಲ. ಅಡ್ಡಡ್ಡ ಹೋಗಿದೆ, ಹೊಟ್ಟೆಯನ್ನು ಬಳಸಿಕೊಂಡು. ಅಂದರೆ ಇದು ಮಲಗಿತ್ತು!

— ಮಲಗಿತ್ತು. ಮಲಗಿಸಿದ್ದರು. ಈಗ ಹಿಂದೆ ತಿರುಗಿಸು.

— ಈ ಬದಿ ಬೇರೆಯದೇ ಬಟ್ಟಲಿನ ಹಾಗಿದೆ. ಬೂದು, ನೀಲಿ, ಅಂಚಿನಲ್ಲಿ ಕಪ್ಪು. ಗಾಳಿ ಸಿಕ್ಕಿಲ್ಲ ಇದಕ್ಕೆ. ಕೆಂಡದಲ್ಲಿ ಹೂತಿತ್ತೇ?

— ಅರ್ಧ ಹೂತಿತ್ತು. ಮೇಲಿನ ಬದಿಗೆ ಬೂದಿ ಬಿತ್ತು, ಕೆಳಗಿನ ಬದಿ ಕೆಂಡ ಮತ್ತು ಬೂದಿಯ ರಾಶಿಯಲ್ಲಿ ಮುಳುಗಿತ್ತು. ಈ ಬಣ್ಣಕ್ಕೆ ಸಂಗಿರಿ ಅನ್ನುತ್ತಾರೆ. ಯಾಕೆ ಹೀಗಾಯಿತು ಅನ್ನುವುದನ್ನು ನನಗಿಂತ ನೀನು ಚೆನ್ನಾಗಿ ಹೇಳುತ್ತೀಯ.

— ಹೇಳಬಹುದು. ಕಟ್ಟಿಗೆಯ ಇದ್ದಿಲಿಗೆ ಆಮ್ಲಜನಕ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಸಿಕ್ಕಲ್ಲಿಂದ ಆಮ್ಲಜನಕ ಕಸಿದುಕೊಳ್ಳುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇದ್ದರೆ ಅದರಿಂದಲೂ ಕಸಿಯುತ್ತದೆ. ಆಮ್ಲಜನಕ ಪೂರ್ತಿ ಇದ್ದಾಗ ಕೆಂಪಾಗಿರುವ ಕಬ್ಬಿಣ, ಕಳೆದುಕೊಂಡಾಗ ಬೂದು ಕಪ್ಪಿಗೆ ತಿರುಗುತ್ತದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅದಿರಿನಿಂದ ಕಬ್ಬಿಣ ತೆಗೆದದ್ದೂ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಿಂದಲೇ, ಇದೇ ಅಪಕರ್ಷಣ ಕ್ರಿಯೆಯಿಂದಲೇ. ಅಲ್ಲಿ ಕಬ್ಬಿಣ ಕರಗಿ ಹೊರಗೆ ಹರಿಯುವವರೆಗೂ ಬಿಡುತ್ತಿದ್ದರು. ಇಲ್ಲಿ ಬಣ್ಣ ಬದಲಾಗುವಲ್ಲಿಗೆ ನಿಲ್ಲಿಸಿದ್ದಾರೆ.

— ಈಗ ಬಾಯಿಯ ಅಂಚನ್ನು ಬೆರಳಿನಿಂದ ಸವರು.

— ನುಣುಪಾಗಿದೆ. ಬೂದಿ ಒಂದು ಕಾಳೂ ಇಲ್ಲ. ಒಳಗೂ ಬರಿ ಕೆಂಪು ಮಣ್ಣು.

— ಬೂದಿ ಬಿದ್ದ ಕಡೆ ಸವರಿ ನೋಡು, ಮರಳುಕಾಗದದಂತೆ ತರಿತರಿ. ಅದು ತುಟಿಗೆ ತಾಗಿದರೆ ಕುಡಿಯುವುದಕ್ಕೆ ಆಗುತ್ತದೆಯೇ? ಉರಿ ಬರುವ ದಿಕ್ಕಿಗೆ ಬಾಯಿ ತೆರೆದು ಇಟ್ಟಿದ್ದರೆ ಒಳಗೆಲ್ಲ ಬೂದಿ ತುಂಬುತ್ತಿತ್ತು. ಹಾಗಾಗಿ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿದ್ದಾರೆ. ಬೆನ್ನ ಮೇಲೆ ಈ ಮೂರು ದುಂಡು ಗುರುತು ಕಾಣುತ್ತದಲ್ಲ, ಅಲ್ಲಿ ಶಾಖಕ್ಕೆ ಕರಗದ ಮಣ್ಣಿನ ಉಂಡೆಗಳನ್ನು ಒತ್ತುಕೊಟ್ಟಿದ್ದರು, ಕೆಳಗಿನದಕ್ಕೆ ಅಂಟಿಕೊಳ್ಳಬಾರದು ಅಂತ. ಇನ್ನೊಂದು ವಿಷಯ. ಬಲಗೈಯಲ್ಲಿ ಹಿಡಿದು ಬಾಯಿಗೆತ್ತುವಾಗ ಹಳದಿಯಿಂದ ನೀಲಿಗೆ ತಿರುಗುವ ಜಾಗ ನಿನ್ನ ಕಣ್ಣೆದುರಿಗೇ ಬರುತ್ತದೆ. ಕುಂಬಾರ ಅದನ್ನೇ ಎದುರು ಮುಖ ಅಂತ ಆರಿಸಿದ್ದಾನೆ. ಇಷ್ಟೆಲ್ಲ ನೋಡಿದ ಮೇಲೂ ಬೆಂಕಿಯೇ ಬರೆಯಿತು ಅನ್ನುತ್ತೀಯಾ?

— ಒಂದು ಬಟ್ಟಲಿನಿಂದ ಸಿದ್ಧಾಂತ ಕಟ್ಟಬೇಡ. ನೂರು ಬಟ್ಟಲು ಹೇಗೋ ಒಳಗೆ ಹಾಕಿ, ಚೆನ್ನಾಗಿ ಬಂದದ್ದನ್ನು ಆರಿಸಿ ನನ್ನ ಮುಂದಿಟ್ಟರೆ ನನಗೆ ಎಲ್ಲವೂ ಯೋಜನೆಯ ಹಾಗೇ ಕಾಣುತ್ತದೆ.

— ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ. ಹದಿನಾರನೆಯ ಶತಮಾನದ ಕೊನೆ, ಹದಿನೇಳನೆಯ ಶತಮಾನದ ಮೊದಲು, ಅದಕ್ಕೆ ಮೊಮೊಯಾಮಾ ಕಾಲ ಅನ್ನುತ್ತಾರೆ. ಆಗ ಚಹಾ ಗುರುಗಳು ಬಿಜೆನ್‌ನ ಒರಟು ಪಾತ್ರೆಗಳನ್ನು ಮೆಚ್ಚಿ ತಮ್ಮ ಕೋಣೆಗೆ ತಂದರು. ಅಲ್ಲಿಯವರೆಗೆ ಅಲ್ಲಿ ಆಗುತ್ತಿದ್ದದ್ದು ಬೀಜ ಕಾಪಿಡುವ ಗುಡಾಣ, ನೀರಿನ ಹಂಡೆ, ಅರೆಯುವ ಮಣ್ಣಿನ ಬೋಗುಣಿ. ಮೊಮೊಯಾಮಾ ಕಾಲದ ಬಿಜೆನ್ ನೋಡಿದವರು ಇವತ್ತಿಗೂ ಮಾತು ನಿಲ್ಲಿಸುತ್ತಾರೆ. ಆಮೇಲೆ ಏನಾಯಿತು? ಪೋರ್ಸೆಲಿನ್ ಬಂತು, ಜನಕ್ಕೆ ತೆಳು, ಬಿಳಿ, ನಯ ಬೇಕಾಯಿತು. ಇಂಬೆಯವರೂ ತೆಳುವಾದದ್ದನ್ನು ಮಾಡಹೊರಟರು, ಗೊಂಬೆ ಮಾಡಿದರು, ಮುಂದೆ ಮೇಜಿ ಚಕ್ರವರ್ತಿಯ ಕಾಲಕ್ಕೆ ಮಣ್ಣಿನ ಕೊಳವೆಗೂ ಇಳಿದರು. ಗೂಡು ಆರಲಿಲ್ಲ, ಅದೇ ಊರು, ಅದೇ ಪೈನ್ ಮರ, ಅದೇ ಬೆಂಕಿ. ಬೆಂಕಿಯೇ ಬರೆಯುವುದಾಗಿದ್ದರೆ ಮೊಮೊಯಾಮಾ ಸೊಗಸು ಮುನ್ನೂರು ವರ್ಷ ಎಲ್ಲಿಗೆ ಹೋಗಿತ್ತು?

— ಮತ್ತೆ ಹೇಗೆ ಬಂತು?

— ಒಬ್ಬ ಮನುಷ್ಯ ಹುಡುಕಿ ತಂದ. ಕನೆಶಿಗೆ ತೊಯೊ, ಹುಟ್ಟಿದ್ದು 1896ರಲ್ಲಿ, ಇಂಬೆಯ ಹಳೆಯ ಕುಂಬಾರ ಮನೆತನದಲ್ಲಿ. ಹರೆಯದಲ್ಲಿ ಗೊಂಬೆ, ಪ್ರಾಣಿ, ಅಲಂಕಾರದ ಸಾಮಾನು ಮಾಡುವುದರಲ್ಲಿ ಆತ ನಿಸ್ಸೀಮ, ಅದರಿಂದಲೇ ಹೆಸರು ಪಡೆದಿದ್ದ. ಹಳೆಯ ಬಿಜೆನ್ ಪಾತ್ರೆಗಳು ತಲೆಗೆ ಹತ್ತಿದ ಮೇಲೆ ಆ ಹೆಸರನ್ನು ಪಕ್ಕಕ್ಕಿಟ್ಟು ಮಣ್ಣು ಹುಡುಕಿದ, ಮಣ್ಣು ಹದ ಮಾಡುವ ಕ್ರಮ ಬದಲಿಸಿದ, ಗೂಡಿನ ಆಕಾರ ಬದಲಿಸಿದ, ಪಾತ್ರೆ ಜೋಡಿಸುವ ಬಗೆಯನ್ನು ಹಳೆಯ ಚೂರುಗಳಿಂದ ಓದಿಕೊಂಡ. ನೀನು ಈಗ ಈ ಬಟ್ಟಲನ್ನು ಓದಿದೆಯಲ್ಲ, ಆತ ಅದನ್ನು ವರ್ಷಗಟ್ಟಲೆ ಮಾಡಿದ. 1956ರಲ್ಲಿ ಜಪಾನ್ ಸರ್ಕಾರ ಆತನನ್ನು ಜೀವಂತ ರಾಷ್ಟ್ರೀಯ ನಿಧಿ ಅಂತ ಗೌರವಿಸಿತು, ಬಿಜೆನ್ ಕುಂಬಾರರಲ್ಲಿ ಆತನೇ ಮೊದಲಿಗ. ಆಮೇಲೆ 1970ರಲ್ಲಿ ಫುಜಿವಾರಾ ಕೇ. ಆತ ಸಾಹಿತಿಯಾಗಬೇಕು ಅಂತ ಟೋಕಿಯೊಗೆ ಹೋಗಿ, ನಲವತ್ತರ ಹತ್ತಿರ ಊರಿಗೆ ಮರಳಿ ಮಣ್ಣು ಹಿಡಿದವನು. ಆಕಸ್ಮಿಕವನ್ನು ಯಾರೂ ಹುಡುಕಿ ವಾಪಸು ತರಲಾರರು. ತರಲು ಸಾಧ್ಯವಾಯಿತು ಅಂದರೆ ಅದು ವಿದ್ಯೆ.

— ಸರಿ, ಇದು ಗಟ್ಟಿ ವಾದ. ಈಗ ಮಣ್ಣಿಗೆ ಬಾ. ಶಾಖಕ್ಕೆ ಅಂಜುತ್ತದೆ ಅಂದೆಯಲ್ಲ?

— ಆ ಮಣ್ಣಿನ ಹೆಸರು ಹಿಯೊಸೆ. ಸುತ್ತಲ ಬೆಟ್ಟಗಳ ಕಲ್ಲು ಸವೆದು, ಸಾವಿರಾರು ವರ್ಷ ನೀರಿನ ಜೊತೆ ಇಳಿದುಬಂದು ತಗ್ಗಿನಲ್ಲಿ ನಿಂತ ಮಣ್ಣು. ಅದರ ಮೇಲೆ ಈಗ ಭತ್ತದ ಗದ್ದೆ. ಕೊಯ್ಲಾಗಿ ಗದ್ದೆ ಖಾಲಿಯಾದ ಚಳಿಗಾಲದಲ್ಲಿ ಮೇಲ್ಮಣ್ಣು ಸರಿಸಿ, ಕೆಳಗೆ ಎರಡು ಮೂರು ಮೀಟರ್ ಇಳಿದು, ಒಂದು ತೆಳು ಪದರ ಸಿಕ್ಕರೆ ಅದನ್ನು ಬಿಡಿಸಿ ತೆಗೆಯುತ್ತಾರೆ. ಆಮೇಲೆ ಮೇಲ್ಮಣ್ಣನ್ನು ಮತ್ತೆ ಹಾಸಿ ಗದ್ದೆ ಮಾಡಿ ಕೊಡುತ್ತಾರೆ. ಕಪ್ಪಗೆ, ಜಿಗುಟಾಗಿ, ಕಬ್ಬಿಣದಿಂದ, ಕೊಳೆತ ಸೊಪ್ಪುಸದೆಯ ಅಂಶದಿಂದ ತುಂಬಿರುತ್ತದೆ. ತಂದ ಮಣ್ಣನ್ನು ಬಯಲಿನಲ್ಲಿ ಬಿಸಿಲು, ಮಳೆ, ಹಿಮಕ್ಕೆ ಬಿಟ್ಟು ವರ್ಷಗಟ್ಟಲೆ ಕಾಯುತ್ತಾರೆ. ಅಪ್ಪ ತೆಗೆಸಿದ ಮಣ್ಣನ್ನು ಮಗ ಬಳಸುವ ಮನೆಗಳಿವೆ. ಈ ಮಣ್ಣು ಒಣಗುವಾಗ, ಬೇಯುವಾಗ ಸೇರಿ ಐದರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಈ ಬಟ್ಟಲು ತಿಗರಿಯ ಮೇಲಿದ್ದಾಗ ನೀನು ನೋಡಿದ್ದರೆ ಇದೇ ಅಂತ ಗುರುತಿಸುತ್ತಿರಲಿಲ್ಲ.

— ಅಷ್ಟು ಕುಗ್ಗಿದರೆ ಬಿರುಕು ಬಿಡಬೇಕು.

— ಬಿಡುತ್ತದೆ, ಅವಸರ ಮಾಡಿದರೆ. ಗ್ಲೇಜ್ ಹಚ್ಚಿದರೆ ಮಣ್ಣು ಕುಗ್ಗುವ ರಭಸಕ್ಕೆ ಅದು ಸಿಪ್ಪೆಯಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಗ್ಲೇಜ್ ಇಲ್ಲದ್ದು ಮೊದಲು ವೈರಾಗ್ಯದಿಂದ ಬಂದ ಆಯ್ಕೆಯಲ್ಲ, ಮಣ್ಣಿನ ಸ್ವಭಾವದಿಂದ ಬಂದದ್ದು. ಅದೇ ಸ್ವಭಾವ ಅದನ್ನು ನಿಧಾನವಾಗಿ ಸುಡಿ ಅಂತಲೂ ಹೇಳುತ್ತದೆ. ಒಳಗಿನ ನೀರು ಹೋಗಬೇಕು, ಸಾವಯವ ಅಂಶ ಉರಿದು ಹೋಗಬೇಕು, ಮೇಲ್ಮೈ ಮುಚ್ಚಿಕೊಳ್ಳುವ ಮೊದಲೇ. ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಅನಿಲ ಹೊಟ್ಟೆ ಉಬ್ಬಿಸುತ್ತದೆ.

— ಬೆಣಚಿನ ಅಂಶವೂ ಇರಬೇಕಲ್ಲ. ಅದು 573 ಡಿಗ್ರಿಯಲ್ಲಿ ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಆ ಜಾಗ ನಿಧಾನವಾಗಿ ದಾಟಬೇಕು. ನಮ್ಮಲ್ಲಿ ಸಿಲಿಕಾ ಇಟ್ಟಿಗೆ ಕಟ್ಟಿದ ಕುಲುಮೆಯನ್ನು ಬಿಸಿ ಮಾಡುವಾಗ ಇದೇ ಭಯ.

— ನೋಡು, ನೀನೂ ನಾನೂ ಒಂದೇ ಕಸುಬಿನವರು. ಅದಕ್ಕೇ ಅಲ್ಲಿ ಉರಿ ಹತ್ತರಿಂದ ಹದಿನಾಲ್ಕು ದಿನ. ದೊಡ್ಡ ಗೂಡಾದರೆ ಇನ್ನೂ ಹೆಚ್ಚು. ಮೊದಲ ದಿನಗಳಲ್ಲಿ ಬರಿ ಸಣ್ಣ ಉರಿ, ಗೂಡಿನ ತೇವ ಆರಿಸುವುದಕ್ಕೆ. ಆಮೇಲೆ ಮೆಲ್ಲಗೆ ಏರಿಸುತ್ತಾ 1200 ಡಿಗ್ರಿ ದಾಟಿಸುತ್ತಾರೆ. ಕೆಂಪು ಪೈನ್ ಕಟ್ಟಿಗೆಯೇ ಬೇಕು. ಅದರ ರಾಳದಿಂದ ಜ್ವಾಲೆ ಉದ್ದವಾಗಿ ಗೂಡಿನ ಕೊನೆಯವರೆಗೂ ಚಾಚುತ್ತದೆ, ಬೂದಿ ಹಗುರಾಗಿ ಹಾರುತ್ತದೆ. ಈಚೆಗೆ ಪೈನ್ ಮರಗಳಿಗೆ ರೋಗ ಬಂದು ಕಾಡುಗಳೇ ಒಣಗಿವೆ, ಕಟ್ಟಿಗೆ ಸಿಗುವುದು ಕಷ್ಟ, ಗದ್ದೆಯ ಮಣ್ಣೂ ಮುಗಿಯುತ್ತಾ ಬಂದಿದೆ. ಹಾಗಾಗಿ ಇಂಬೆಯ ಅನೇಕ ಕುಂಬಾರರು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ದೊಡ್ಡ ಗೂಡಿಗೆ ಉರಿ ಹಾಕುತ್ತಾರೆ. ನಮ್ಮೂರ ಕುಂಬಾರರ ಆವಿಗೆ ನೆನಪಿದೆಯಲ್ಲ? ಹುಲ್ಲು, ಸೌದೆ, ಬೆರಣಿ ಒಟ್ಟಿ ಒಂದು ದಿನದಲ್ಲಿ ಸುಟ್ಟು ಮುಗಿಸುತ್ತಿದ್ದರು. ಆ ಗಡಿಗೆ ಕಡಿಮೆ ಶಾಖದಲ್ಲಿ ಬೆಂದು, ಸಣ್ಣ ರಂಧ್ರ ಉಳಿಸಿಕೊಂಡು, ನೀರು ಜಿನುಗಿಸಿ ತಂಪು ಮಾಡುತ್ತದೆ. ಅದು ಅದರ ಕೆಲಸ. ಬಿಜೆನ್ ಬಟ್ಟಲು ಕಲ್ಲಿನಷ್ಟು ಗಟ್ಟಿಯಾಗಬೇಕು. ಎರಡೂ ಮಣ್ಣೇ, ಆದರೆ ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು.

— ತಿಗರಿಯ ಕೆಲಸದ ಬಗ್ಗೆ ನೀನು ಏನೂ ಹೇಳಲಿಲ್ಲ.

— ಹೇಳುವುದು ಹೆಚ್ಚಿಲ್ಲ. ನೋಡುವವರಿಗೆ ಅದೇ ದೊಡ್ಡದಾಗಿ ಕಾಣುತ್ತದೆ, ಕುಂಬಾರನ ಕಾಲದಲ್ಲಿ ಅದು ಅತಿ ಸಣ್ಣ ಪಾಲು. ದೊಡ್ಡ ಮಣ್ಣಿನ ಮುದ್ದೆಯನ್ನು ತಿಗರಿಯ ಮೇಲೆ ಕೂರಿಸಿ, ಅದರ ತುದಿಯಿಂದಲೇ ಒಂದಾದ ಮೇಲೊಂದು ಬಟ್ಟಲು ಎಬ್ಬಿಸುತ್ತಾರೆ. ಬಿದಿರಿನ ಕಡ್ಡಿಗೆ ಅಡ್ಡ ಕಡ್ಡಿ ಸಿಕ್ಕಿಸಿದ ತೊಂಬೊ ಅನ್ನುವ ಅಳತೆ ಇಟ್ಟು ಅಗಲ, ಆಳ ನೋಡಿಕೊಳ್ಳುತ್ತಾರೆ. ಆಮೇಲೆ ಹುರಿಮಾಡಿದ ದಾರ ಹಾಕಿ ತಿಗರಿ ತಿರುಗುತ್ತಿರುವಾಗಲೇ ಕತ್ತರಿಸಿ ತೆಗೆಯುತ್ತಾರೆ. ಬುಡದಲ್ಲಿ ಕಾಣುವ ಈ ಸುತ್ತುಗೆರೆ ಆ ದಾರದ್ದು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಬಾಯಿಯ ಅಂಚು. ಸ್ವಲ್ಪ ದಪ್ಪ ಬಿಟ್ಟು, ಒದ್ದೆ ಚರ್ಮದ ತುಂಡಿನಿಂದ ಒಂದೇ ಸಲ ಒತ್ತಿ ಬಿಟ್ಟಿದ್ದಾರೆ. ಎರಡನೆಯ ಸಲ ಮುಟ್ಟಿಲ್ಲ. ಅಂಚು ಒಂದು ಕಡೆ ಕೂದಲೆಳೆಯಷ್ಟು ತಗ್ಗಿದೆ, ತುಟಿ ತಾನಾಗಿ ಅಲ್ಲಿಗೆ ಹೋಗುತ್ತದೆ.

— ಈ ಇನ್ನೊಂದು ಬಟ್ಟಲು? ಇದರಲ್ಲಿ ಬೂದಿಯೂ ಇಲ್ಲ, ನೀಲಿಯೂ ಇಲ್ಲ. ನಸು ಕಂದು ಮೈಯ ಮೇಲೆ ಕೆಂಪು ಗೆರೆಗಳು ಮಾತ್ರ.

— ಅದು ಹಿದಾಸುಕಿ. ಆ ಗೆರೆ ಬಿದ್ದಲ್ಲೆಲ್ಲ ಭತ್ತದ ಹುಲ್ಲಿತ್ತು. ಗೂಡಿನಲ್ಲಿ ಒಂದರೊಳಗೊಂದು ಪಾತ್ರೆ ಇಡುವಾಗ ಅಂಟದಿರಲಿ ಅಂತ ನಡುವೆ ಹುಲ್ಲು ಸುತ್ತುತ್ತಿದ್ದರು. ಹುಲ್ಲು ಉರಿದು ಹೋಯಿತು, ಅದರ ಜಾಗ ಕೆಂಪಾಗಿ ಉಳಿಯಿತು. ಮೊದಲು ತಾನಾಗಿ ಬಂದದ್ದೇ ಇರಬಹುದು. ಆದರೆ ಬಂದದ್ದನ್ನು ಕಂಡು, ಇದು ಬೇಕು ಅಂತ ತೀರ್ಮಾನಿಸಿ, ಹುಲ್ಲನ್ನು ಕುಟ್ಟಿ ಮೆತ್ತಗೆ ಮಾಡಿ, ಎಲ್ಲಿ ಬೇಕೋ ಅಲ್ಲಿ ಸುತ್ತಲು ಶುರುಮಾಡಿದಾಗ ಅದು ಕುಂಬಾರನದಾಯಿತು. ಕೆಂಪು ಸ್ಪಷ್ಟವಾಗಿ ಬರಬೇಕಾದರೆ ಬೂದಿ ತಾಗಬಾರದು. ಹಾಗಾಗಿ ಇಂಥ ಬಟ್ಟಲುಗಳನ್ನು ದೊಡ್ಡ ಗುಡಾಣದ ಹೊಟ್ಟೆಯೊಳಗೆ ಇಟ್ಟು ಸುಡುತ್ತಾರೆ. ಹೊರಗೆ ಗುಡಾಣದ ಭುಜದ ಮೇಲೆ ಬೂದಿ ಸುರಿಯುತ್ತಿರುತ್ತದೆ, ಒಳಗೆ ಬಟ್ಟಲು ಹುಲ್ಲು ಹೊದ್ದು ತಣ್ಣಗೆ ಬೇಯುತ್ತಿರುತ್ತದೆ.

— ಹುಲ್ಲಿನಲ್ಲಿ ಏನಿದೆ ಕೆಂಪು ಮಾಡುವುದಕ್ಕೆ? ಪೊಟ್ಯಾಸಿಯಮ್ಮೇ?

— ಹೌದು. ಒಕಾಯಾಮಾದ ವಿಜ್ಞಾನಿ ಯೋಶಿಹಿರೊ ಕುಸಾನೊ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗಶಾಲೆಯಲ್ಲಿ ಬಿಡಿಸಿ ನೋಡಿದರು. ಹುಲ್ಲಿನ ಪೊಟ್ಯಾಸಿಯಮ್ ಮಣ್ಣಿನ ಮೇಲ್ಮೈಯಲ್ಲಿ ತೆಳುವಾದ ಗಾಜಿನ ದ್ರವ ಉಂಟುಮಾಡುತ್ತದೆ. ಗೂಡು ನಿಧಾನವಾಗಿ ಆರುವಾಗ ಆ ದ್ರವದಲ್ಲಿ ಮೊದಲು ಕೊರಂಡಮ್ ಹರಳು ಮೂಡುತ್ತದೆ, ಅದರ ಅಂಚನ್ನು ಆಧಾರ ಮಾಡಿಕೊಂಡು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, ಬೆಳೆಯುತ್ತದೆ. ಆ ಹೆಮಟೈಟ್‌ನದೇ ಈ ಕೆಂಪು.

— ಹಾಗಾದರೆ ನಿಧಾನ ಆರಿಸುವುದು ಬಿರುಕಿನ ಭಯಕ್ಕೆ ಮಾತ್ರವಲ್ಲ, ಬಣ್ಣವೂ ಆಗಲೇ ಹುಟ್ಟುತ್ತದೆ. ಬೇಗ ಆರಿಸಿದರೆ ಹರಳು ಬೆಳೆಯಲು ಸಮಯವಿಲ್ಲ. ಉಕ್ಕಿನಲ್ಲೂ ಅಷ್ಟೇ, ತಣಿಸುವ ವೇಗದಲ್ಲೇ ಅರ್ಧ ಗುಣ ನಿರ್ಧಾರವಾಗುತ್ತದೆ. ಒಂದು ಮಾತು ಹೊಳೆಯಿತು ಅಕ್ಕ. ಗದ್ದೆಯ ಅಡಿಯಿಂದ ಮಣ್ಣು, ಗದ್ದೆಯ ಮೇಲಿಂದ ಹುಲ್ಲು. ಇನ್ನು ಒಳಗೆ ಹಾಕುವ ಸಾಕೆ?

— ಅಕ್ಕಿಯದು. ಅದರಲ್ಲೂ ಒಕಾಯಾಮಾಕ್ಕೆ ತನ್ನದೇ ಅಕ್ಕಿ ಇದೆ, ಒಮಾಚಿ ಅಂತ. 1859ರಲ್ಲಿ ಅಲ್ಲಿನ ಒಬ್ಬ ರೈತ ಯಾತ್ರೆಯಿಂದ ಮರಳುವ ದಾರಿಯಲ್ಲಿ ಕಂಡ ತೆನೆಗಳಿಂದ ಬೆಳೆಸಿದ ತಳಿ. ಎತ್ತರ ಬೆಳೆದು ಗಾಳಿಗೆ ಒರಗುತ್ತದೆ, ಬೆಳೆಯುವುದು ಕಷ್ಟ, ಆದರೆ ಸಾಕೆ ಮಾಡುವವರು ಅದನ್ನು ಬಿಡಲಿಲ್ಲ. ಇವತ್ತಿಗೂ ಅದರ ಬಹುಪಾಲು ಒಕಾಯಾಮಾದಲ್ಲೇ ಬೆಳೆಯುತ್ತದೆ. ಅದರ ಸಾಕೆಯನ್ನು ನಲವತ್ತು ಡಿಗ್ರಿಯಷ್ಟು ಉಗುರುಬೆಚ್ಚಗೆ ಮಾಡಿ ಇಂಥ ಬಟ್ಟಲಿಗೆ ಸುರಿಯುತ್ತಾರೆ. ನಮ್ಮ ಮನೆಯಲ್ಲಿ ಕುಡಿತದ ಮಾತೆತ್ತಿದರೆ ಅಮ್ಮ ಎದ್ದು ಹೋಗುತ್ತಾರೆ, ನನಗೆ ಗೊತ್ತು. ಆದರೆ ಇಂಬೆಯಲ್ಲಿ ಕೆಲಸಕ್ಕಿದ್ದಾಗ ನಾನು ಕುಡಿದಿದ್ದೇನೆ. ಕುಡಿಯದೆ ಈ ಬಟ್ಟಲು ಅರ್ಥವಾಗುವುದಿಲ್ಲ. ಅಲ್ಲಿ ತನಗೆ ತಾನೇ ಸುರಿದುಕೊಳ್ಳುವುದು ಮರ್ಯಾದೆಯಲ್ಲ. ಪಕ್ಕದವರು ಸುರಿಯುತ್ತಾರೆ, ನಾವು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡುತ್ತೇವೆ, ಆಮೇಲೆ ನಾವು ಅವರಿಗೆ ಸುರಿಯುತ್ತೇವೆ. ಹಾಗಾಗಿ ಬಟ್ಟಲು ಸಣ್ಣದಿರಬೇಕು, ಬೇಗ ಖಾಲಿಯಾಗಬೇಕು, ಮತ್ತೆ ಮತ್ತೆ ಒಬ್ಬರತ್ತ ಒಬ್ಬರು ತಿರುಗಬೇಕು. ಇದು ಗುಯಿನೊಮಿ, ಸಾಕೆ ಬಟ್ಟಲುಗಳಲ್ಲಿ ಸ್ವಲ್ಪ ದೊಡ್ಡದು. ಒಚೊಕೊ ಇದಕ್ಕಿಂತ ಪುಟ್ಟದು.

— ಬರಿ ಮಣ್ಣಿನದು, ಸಾಕೆ ಹೀರಿಕೊಳ್ಳುವುದಿಲ್ಲವೇ?

— ಬಳಸುವ ಮೊದಲು ನೀರಿನಲ್ಲಿ ಮುಳುಗಿಸಿಡುತ್ತಾರೆ. ನೀರು ಕುಡಿದಾಗ ಬಣ್ಣಗಳು ಏಳುತ್ತವೆ, ಒಣಗಿದ್ದಾಗ ಕಾಣದ ಕೆಂಪು ಆಗ ಕಾಣುತ್ತದೆ. ವರ್ಷಗಟ್ಟಲೆ ಬಳಸಿದ ಬಟ್ಟಲಿನ ಮೈಗೆ ಕೈಯ ಜಿಡ್ಡಿನಿಂದ, ಸಾಕೆಯಿಂದ ಒಂದು ಮಂದ ಹೊಳಪು ಬರುತ್ತದೆ. ಅಲ್ಲಿನವರು ಅದನ್ನು ಬಟ್ಟಲು ಬೆಳೆಯಿತು ಅನ್ನುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಬಟ್ಟಲು ಬೆಳೆಯುವುದಿಲ್ಲ. ಸಂಗ್ರಹ ಮಾಡುವವರ ಮೇಲೆ ನನಗಿರುವ ದೂರು ಇದೊಂದೇ.

— ಈಗ ನನ್ನ ಕಡೆಯಿಂದ ಒಂದು ಕಷ್ಟದ ಪ್ರಶ್ನೆ. ಪೊಟ್ಯಾಸಿಯಮ್, ಕಬ್ಬಿಣ, ತಣಿಸುವ ವೇಗ, ಎಲ್ಲವೂ ಗೊತ್ತಾಯಿತು. ವಿದ್ಯುತ್ ಗೂಡಿನಲ್ಲಿ ಶಾಖದ ಏರಿಳಿತವನ್ನು ಯಂತ್ರಕ್ಕೆ ಹೇಳಿಕೊಟ್ಟರೆ ಹಿದಾಸುಕಿ ಬರುತ್ತದಲ್ಲ?

— ಬರುತ್ತದೆ. ಅಲ್ಲೂ ಎಷ್ಟೋ ಜನ ಹಾಗೆ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ನಾನು ಅದನ್ನು ಕೀಳು ಅನ್ನುವುದಿಲ್ಲ. ಬೆಂಕಿಯ ಮಹಿಮೆ ಹಾಡುವವರಿಗೆ ಕಷ್ಟವಾಗಬಹುದು, ನನಗಿಲ್ಲ. ಯಾಕೆಂದರೆ ನಾನು ಹೊಗಳುತ್ತಿರುವುದು ಕಟ್ಟಿಗೆಯನ್ನಲ್ಲ, ತೀರ್ಮಾನಗಳನ್ನು. ಆದರೆ ವಿದ್ಯುತ್ ಗೂಡು ಎಲ್ಲ ಮೂಲೆಗೂ ಒಂದೇ ಶಾಖ, ಒಂದೇ ಗಾಳಿ ಕೊಡುವುದಕ್ಕೆ ಹುಟ್ಟಿದ್ದು. ಕಟ್ಟಿಗೆ ಗೂಡಿನಲ್ಲಿ ಒಂದು ಮೊಳ ಆಚೆ ಇಟ್ಟರೆ ಬೇರೆ ಬಟ್ಟಲು. ಉರಿಬಾಯಿಯ ಹತ್ತಿರ ಬೂದಿ ಹೆಚ್ಚು, ಹಿಂದೆ ಕಡಿಮೆ, ನೆಲದಲ್ಲಿ ಕೆಂಡ, ಮೇಲೆ ಜ್ವಾಲೆ. ಗೂಡು ತುಂಬುವಾಗ ಕುಂಬಾರ ಒಂದೊಂದು ಪಾತ್ರೆ ಕೈಯಲ್ಲಿ ಹಿಡಿದು ಒಳಗೆ ತೆವಳುತ್ತಾನೆ. ಇದು ಎಲ್ಲಿ, ಯಾವುದಕ್ಕೆ ಒರಗಿ, ಯಾವುದರ ನೆರಳಿನಲ್ಲಿ, ಉರಿ ಯಾವ ಸಂದಿನಿಂದ ನುಗ್ಗಿ ಬರುತ್ತದೆ ಅಂತ ಲೆಕ್ಕ ಹಾಕುತ್ತಾನೆ. ತಟ್ಟೆಯ ಮೇಲೆ ಮಣ್ಣಿನ ಬಿಲ್ಲೆ ಇಟ್ಟರೆ ಬೂದಿ ತಾಗದೆ ಅಲ್ಲೊಂದು ದುಂಡು ಕೆಂಪು ಉಳಿಯುತ್ತದೆ, ಬೊತಮೊಚಿ ಅನ್ನುತ್ತಾರೆ. ಎಲ್ಲಿ ಬೇಕು, ಎಷ್ಟು ಅಗಲ ಬೇಕು ಅಂತ ಬಿಲ್ಲೆ ಇಡುವವನಿಗೆ ಮೊದಲೇ ಗೊತ್ತು. ಈ ಜೋಡಣೆಯೇ ದಿನಗಟ್ಟಲೆ ನಡೆಯುತ್ತದೆ. ಚಿತ್ರ ಬರೆಯುವುದು ಅಂದರೆ ಅದೇ.

— ಎಲ್ಲವೂ ಕುಂಬಾರನ ಲೆಕ್ಕವೇ ಆದರೆ, ಉರಿ ಹಾಕುವ ಮೊದಲು ಗೂಡಿಗೆ ಸಾಕೆ, ಉಪ್ಪು ಇಟ್ಟು ಕೈಮುಗಿಯುವುದು ಯಾಕೆ? ನೀ ತಂದ ಚಿತ್ರಗಳಲ್ಲಿ ನೋಡಿದೆ.

— ಲೆಕ್ಕ ತಪ್ಪುವುದೂ ಉಂಟಲ್ಲ. ಒಂದು ಗುಡಾಣ ಸೀಳಿ ಪಕ್ಕದ ಸಾಲಿನ ಮೇಲೆ ಬಿದ್ದರೆ ವರ್ಷದ ಕೆಲಸ ಹೋಯಿತು. ನೀನು ಕುಲುಮೆಗೆ ಆಯುಧಪೂಜೆಯ ದಿನ ಕುಂಕುಮ ಇಡುತ್ತಿದ್ದೆ. ಅದರಿಂದ ನಿನ್ನ ಎಂಜಿನಿಯರಿಂಗ್ ಸುಳ್ಳಾಗಲಿಲ್ಲವಲ್ಲ. ಬೆಂಕಿಯ ಪಾಲು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದನ್ನು ಎದುರಿಟ್ಟುಕೊಂಡೇ ಅಷ್ಟು ತಯಾರಿ.

— ಆಯಿತು. ಬೆಂಕಿಯಿಂದ ಕಿತ್ತು ಕುಂಬಾರನಿಗೆ ಕೊಟ್ಟೆ. ಇನ್ನು ನನ್ನ ಸರದಿ. ಹದಿನಾಲ್ಕು ದಿನ, ಹಗಲೂ ರಾತ್ರಿ ಉರಿ ಅಂದೆ. ಒಬ್ಬ ಮನುಷ್ಯ ಹದಿನಾಲ್ಕು ದಿನ ಎದ್ದಿರಲಾರ. ರಾತ್ರಿ ಪಾಳಿಯಲ್ಲಿ ಕಟ್ಟಿಗೆ ಹಾಕಿದವರು ಯಾರು?

— ಶಿಷ್ಯರು, ಮನೆಯವರು, ಕೆಲವೊಮ್ಮೆ ಅಕ್ಕಪಕ್ಕದ ಕುಂಬಾರರು.

— ಅವರ ಹೆಸರು ಎಲ್ಲಿದೆ? ಬಟ್ಟಲು ಇಟ್ಟಿದ್ದ ಈ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿರುವುದು ಒಂದೇ ಹೆಸರಲ್ಲವೇ?

— ಒಂದೇ. ಕಿರಿ ಅನ್ನುವ ಮರದ ಪೆಟ್ಟಿಗೆ, ಮೇಲೆ ಕುಂಬಾರನೇ ಕುಂಚದಿಂದ ಬಟ್ಟಲಿನ ಬಗೆ, ತನ್ನ ಹೆಸರು ಬರೆದು ಮುದ್ರೆ ಒತ್ತುತ್ತಾನೆ. ಪೆಟ್ಟಿಗೆ ಇಲ್ಲದಿದ್ದರೆ ಅದೇ ಬಟ್ಟಲಿನ ಬೆಲೆ ಇಳಿಯುತ್ತದೆ.

— ನಮ್ಮಲ್ಲಿ ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಹೊತ್ತೇ ಕಷ್ಟದ್ದು. ಆಗಲೇ ಮಾಪಕದ ಮುಳ್ಳು ಜಾರುವುದು, ಆಗಲೇ ಮನುಷ್ಯ ತೂಗುವುದು. ಉರಿಯ ಬಣ್ಣ ನೋಡಿ ಈಗ ಹಾಕಬೇಕು, ಈಗ ತಡೆಯಬೇಕು ಅಂತ ಆ ಹೊತ್ತಿನಲ್ಲಿ ತೀರ್ಮಾನ ಮಾಡಿದವನೂ ಈ ನೀಲಿಯನ್ನು ಬರೆದಿದ್ದಾನೆ. ನಿನ್ನ ಮಾತಿನ ಪ್ರಕಾರವೇ, ತೀರ್ಮಾನ ಯಾರದೋ ಕೆಲಸ ಅವರದು.

— ಈ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ, ಬೇಡವೂ ಬೇಡ. ಹಳೆಯ ಕಾಲದ ಒಂದು ಸಂಗತಿ ಕೇಳು. ಇಂಬೆಯಲ್ಲಿ ಐವತ್ತು ಮೀಟರಿಗೂ ಉದ್ದದ ದೊಡ್ಡ ಗೂಡುಗಳಿದ್ದವು, ಬೆಟ್ಟದ ಇಳಿಜಾರಿನಲ್ಲಿ. ಅವುಗಳ ಅವಶೇಷ ಈಗಲೂ ಇದೆ. ಒಂದು ಮನೆಯಿಂದ ಅಂಥ ಗೂಡು ಸಾಗದು, ಊರೆಲ್ಲ ಸೇರಿ ಒಂದೇ ಗೂಡಿಗೆ ತಮ್ಮ ತಮ್ಮ ಪಾತ್ರೆ ಹಾಕುತ್ತಿದ್ದರು. ಬೆಂದು ಹೊರಬಂದಾಗ ಯಾವುದು ಯಾರದು ಅಂತ ತಿಳಿಯಲು ಬುಡದಲ್ಲಿ ಒಂದೊಂದು ಮನೆಯ ಗುರುತು ಗೀರುತ್ತಿದ್ದರು. ಆ ಗುರುತು ಹುಟ್ಟಿದ್ದು ಮೆರೆಯುವುದಕ್ಕಲ್ಲ, ಬೆಂಕಿಯನ್ನು ಹಂಚಿಕೊಂಡವರ ನಡುವೆ ಜಗಳವಾಗದಿರಲಿ ಅಂತ. ಈ ಬಟ್ಟಲಿನ ಬುಡದಲ್ಲೂ ಗೀರಿದ ಗುರುತಿದೆ ನೋಡು. ಗೂಡು ಒಂದೊಂದು ಮನೆಯದಾದ ಮೇಲೂ ಗುರುತು ಉಳಿಯಿತು, ಹಂಚಿಕೊಂಡವರ ನೆನಪು ಮಾತ್ರ ಹೋಯಿತು.

— ನೀನು ಕಲಿತದ್ದು ಪುದುಚೇರಿಯಲ್ಲಲ್ಲವೇ ಮೊದಲು? ಅಲ್ಲಿ ಹೇಗೆ?

— ಗೋಲ್ಡನ್ ಬ್ರಿಜ್ ಪಾಟರಿ, 1971ರಲ್ಲಿ ಶುರುವಾದದ್ದು. ಕಟ್ಟಿದವರು ರೇ ಮೀಕರ್, ಡೆಬೊರಾ ಸ್ಮಿತ್. ಡೆಬೊರಾ ಬಿಜೆನ್‌ನಲ್ಲೇ ಮಣ್ಣಿನ ಕೆಲಸ ಕಲಿತು ಬಂದವರು. ಹಾಗಾಗಿ ಇಂಬೆಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಲ್ಲೇ, ಸರ್ವೆ ಕಟ್ಟಿಗೆಯ ಹೊಗೆಯಲ್ಲಿ. ಅಲ್ಲಿ ಗೂಡು ತುಂಬುವುದು, ಕಟ್ಟಿಗೆ ಹಾಕುವುದು ಎಲ್ಲರ ಪಾಳಿ. ನನ್ನ ಈ ಹಿತ್ತಲ ಗೂಡಿನಲ್ಲೂ ನಾನೊಬ್ಬಳೇ ಉರಿ ಹಾಕಿದ್ದೇ ಇಲ್ಲ. ಯಾರು ಯಾವ ಪಾಳಿಯಲ್ಲಿದ್ದರು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಗಂಟೆ, ಶಾಖ, ಹಾಕಿದ ಕಟ್ಟಿಗೆ, ಹಾಕಿದವರ ಹೆಸರು. ಕೊಳ್ಳುವವರು ಯಾರೂ ಅದನ್ನು ಕೇಳಿಲ್ಲ.

— ಕೇಳದಿದ್ದರೂ ಆ ಪುಟದ ನಕಲನ್ನು ಪೆಟ್ಟಿಗೆಯಲ್ಲಿ ಇಡು. ಕುಲುಮೆಯ ಪ್ರತಿ ಎರಕಕ್ಕೂ ನಮ್ಮಲ್ಲಿ ಚೀಟಿ ಇರುತ್ತಿತ್ತು, ಯಾವ ಪಾಳಿ, ಯಾವ ಮೇಸ್ತ್ರಿ ಅಂತ. ಮುಂದಿನ ಉರಿ ಯಾವಾಗ?

— ಸಂಕ್ರಾಂತಿ ಕಳೆದ ಮೇಲೆ. ಕಟ್ಟಿಗೆ ಇನ್ನೂ ಹಸಿ ಇದೆ, ಎರಡು ತಿಂಗಳಾದರೂ ಒಣಗಬೇಕು.

— ಎರಡರಿಂದ ಆರರ ಪಾಳಿಗೆ ನನ್ನ ಹೆಸರು ಬರೆದುಕೋ.

— ಬರೆದುಕೊಳ್ಳುತ್ತೇನೆ. ಆದರೆ ಅದಕ್ಕಿಂತ ಮೊದಲೇ ಬಾ, ಗೂಡು ತುಂಬುವ ವಾರ. ಒಳಗೆ ತೆವಳಿ ಕೈ ಚಾಚಿ ಇಡಬೇಕು, ನನ್ನ ಮಂಡಿ ಈಗ ಕೇಳುವುದಿಲ್ಲ. ಯಾವ ಬಟ್ಟಲು ಎಲ್ಲಿ ಮಲಗಬೇಕು ಅಂತ ಇಬ್ಬರೂ ಸೇರಿ ನೋಡೋಣ.